ಬಿಡುಗಡೆಯಾದ ಹಾಡು

ನಮ್ಮ ಹಾಡು ಬಿಡುಗಡೆಯಾದ ದಿನ ನಾವು ಯಾದಗಿರಿ ಸ್ಟೇಷನ್ನಿನಲ್ಲಿ ಇದ್ದೆವು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ಕೇರಿಯ ಮಂದಿಯನ್ನು ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಹತ್ತಿಸಲು ಹೋಗಿದ್ದೆವು. ರೊಟ್ಟಿಯ ಗಂಟು, ಖಾರದಪುಡಿಯ ಡಬ್ಬಿ, ಕೌದಿ ತುರುಕಿದ ಗೊಬ್ಬರದ ಚೀಲ, ಒಂದು ಹಸುಗೂಸು. ಜನರಲ್ ಡಬ್ಬಿಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ರೈಲು ಹೊರಟ ಮೇಲೆ ಫೋನು ತೆರೆದು ನೋಡಿದರೆ ಹಾಡು ಬಂದಿದೆ. ಅದು ಇದೇ ರೈಲಿನ ಮೇಲೆ, ಇದೇ ಗುಳೆಯ ಮೇಲೆ ಕಟ್ಟಿದ ಹಾಡು. ಯಾರ ಮೇಲೆ ಕಟ್ಟಿದ್ದೆವೋ ಅವರು ಅದನ್ನು ಸೈದಾಪುರ ದಾಟಿದ ಮೇಲೆ ಕೇಳಿದರಂತೆ, ಒಂದೇ ಫೋನಿಗೆ ಆರು ತಲೆ ಕೂಡಿಸಿಕೊಂಡು.

ನಾವು ಎಂದರೆ ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಬದಿಯ ಒಂದು ಕೇರಿಯ ಹುಡುಗರು. ನಮ್ಮ ಮನೆತನಗಳಲ್ಲಿ ಬಿ.ಎ. ಎಂಬುದನ್ನು ಮೊದಲ ಸಲ ಕಂಡವರು. ಪದ್ಯ ಬರೆಯುವುದು, ಹಲಗಿ ಹೊಡೆಯುವುದು, ದನಿ ತೆಗೆಯುವುದು, ಎಲ್ಲ ಕೂಡಿ ನಾವು. ಆರು ಸಾವಿರ ರೂಪಾಯಿ ಪಟ್ಟಿ ಹಾಕಿ, ಕಲಬುರಗಿಯ ಒಂದು ಕೋಣೆ-ಸ್ಟುಡಿಯೋದಲ್ಲಿ ಹಾಡು ಮುದ್ರಿಸಿ, ಹಾಡಿನ ಚಾನೆಲ್ ನಡೆಸುವ ಒಂದು ಕಂಪನಿಗೆ ಕೊಟ್ಟಿದ್ದೆವು. ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿದ್ದೆವು. ಬಿ.ಎ. ಓದಿದ ನಾವೇ ಓದದೆ ಸಹಿ ಹಾಕಿದೆವು. ಮುತ್ಯಾ ಹೆಬ್ಬೆಟ್ಟು ಒತ್ತುತ್ತಿದ್ದ, ನಾವು ಸಹಿ ಹಾಕುತ್ತೇವೆ, ಫರಕು ಅಷ್ಟೇ.

ಫೋನಿನಲ್ಲಿ ಕಂಡದ್ದು ಇಷ್ಟು: ನಮ್ಮ ಹಾಡಿಗೆ ಸಂಬಂಧವೇ ಇಲ್ಲದ ಒಬ್ಬ ನಟಿಯ ಚಿತ್ರ. ಅದರ ಮೇಲೆ ‘ಉತ್ತರ ಕರ್ನಾಟಕದ ಸೂಪರ್ ಹಿಟ್ ಜಾನಪದ’. ಕೆಳಗೆ ಕಂಪನಿಯ ಹೆಸರು. ಬರೆದವರಿಲ್ಲ, ಹಾಡಿದವರಿಲ್ಲ. ಹಲಗಿ ಹೊಡೆದವನ ಹೆಸರಂತೂ ಕೇಳಲೇಬೇಡಿ.

ಬಿಡುಗಡೆ ಎಂಬ ಮಾತು ನಮ್ಮ ಮನೆಗೆ ಹಳೆಯದು. ಮುತ್ಯಾನ ತಗಡಿನ ಟ್ರಂಕಿನಲ್ಲಿ ಒಂದು ಕಾಗದವಿದೆ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದು ಕೆಲವು ವರ್ಷದ ಮೇಲೆ ಸರ್ಕಾರ ಅವನಿಗೆ ಕೊಟ್ಟ ಬಿಡುಗಡೆ ಪತ್ರ. ಮದುವೆಗೆಂದು ತಂದ ಮುನ್ನೂರು ರೂಪಾಯಿಗೆ ಒಂಬತ್ತು ವರ್ಷ ದುಡಿದಿದ್ದ. ಆ ಒಂಬತ್ತೂ ವರ್ಷ ಆಯಿ ಅದೇ ವಾಡೆಯ ಸಗಣಿ ಬಾಚಿದ್ದಳು. ಪತ್ರದಲ್ಲಿ ಆಯಿಯ ಹೆಸರಿಲ್ಲ. ಇದು ನಮ್ಮ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಅದನ್ನು ಆಮೇಲೆ ಹೇಳುತ್ತೇವೆ.

ಆ ಸಂಜೆ ಮುತ್ಯಾನಿಗೆ ಹಾಡು ಕೇಳಿಸಿದೆವು. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಕೊನೆಗೆ ಹಾಡು ನಿಂತ ಮೇಲೂ ಇನ್ನೇನೋ ಬರುತ್ತದೆ ಎಂಬಂತೆ ಕಾಯುತ್ತಾ ಕೂತ.

“ಪದ ಛಲೋ ಅದ. ಅಂಕಿತ ಎಲ್ಲದ?”

“ಅಂಕಿತ ಹಾಕಿಲ್ಲ ಮುತ್ಯಾ. ಈಗ ಯಾರೂ ಹಾಕಲ್ಲ.”

“ಮತ್ತ ಇದು ಯಾರ ಪದ ಅಂತ ಹ್ಯಾಂಗ ತಿಳೀತದ?”

ನಾವು ನಕ್ಕೆವು. ಎರಡು ದಿನದಲ್ಲಿ ನಗು ಹಾರಿತು.

ನಮ್ಮ ಸೀಮೆ ಪದಗಳ ಸೀಮೆ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ. ಕೃಷ್ಣೆಯ ದಂಡೆಯಲ್ಲಿ ತಿಂಥಣಿ ಮೌನೇಶ್ವರ, ಆ ಕಡೆ ಕೊಡೇಕಲ್ಲ ಬಸವಣ್ಣ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹಾಡುವವರು ನಾವೇ, ಶ್ರಾವಣದಲ್ಲಿ ಭಜನೆಗೆ ಕೂಡುವವರೂ ನಾವೇ. ಮುತ್ಯಾನ ಭಜನಿ ಮೇಳದಲ್ಲಿ ಒಂದು ಹಾರ್ಮೋನಿಯಂ, ಎರಡು ದಮ್ಮಡಿ, ತಾಳ, ಒಂದು ಏಕತಾರಿ. ಊರಾಗ ದೊಡ್ಡವರ ಮನೆಯಲ್ಲಿ ಹೆಣ ಬಿದ್ದರೆ ರಾತ್ರಿಯೆಲ್ಲ ಹಾಡಲು ಮೇಳಕ್ಕೆ ಕರೆ. ಅಂಗಳದಲ್ಲಿ ಕೂತು ಹಾಡಬೇಕು, ಚಹಾ ಬೇರೆ ಲೋಟದಲ್ಲಿ ಬರುತ್ತದೆ. ದೇಹ ಸುಳ್ಳು, ಕುಲ ಸುಳ್ಳು ಎಂಬ ಪದವನ್ನು ಬೇರೆ ಲೋಟ ಕೆಳಗಿಟ್ಟು ಹಾಡಬೇಕು. ಒಳಗಿದ್ದವರು ತಲೆ ತೂಗಿ ಕೇಳುತ್ತಾರೆ.

ಈ ಪದಗಳ ಕೊನೆಯ ನುಡಿಯಲ್ಲಿ ಅಂಕಿತ ಇರುತ್ತದೆ. ಮಡಿವಾಳಪ್ಪನ ಪದವಾದರೆ ಮಹಾಂತನ ಹೆಸರು ಬರುತ್ತದೆ. ಷರೀಫರದಾದರೆ ಶಿಶುನಾಳಾಧೀಶ. ಇನ್ನೂ ಹಿಂದೆ ಹೋದರೆ ನಮ್ಮ ಸುರಪುರ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯ ತನ್ನ ವಚನಗಳಿಗೆ ರಾಮನಾಥನ ಅಂಕಿತ ಇಟ್ಟ. ಶಾಲೆಯಲ್ಲಿ ಮಾಸ್ತರು ಇದನ್ನು ಭಕ್ತಿಯ ಗುರುತು ಎಂದು ಕಲಿಸಿದರು. ಭಕ್ತಿಯೂ ಹೌದು. ಆದರೆ ಮುತ್ಯಾನ ಪ್ರಶ್ನೆಯಿಂದ ನಮಗೆ ಇನ್ನೊಂದು ಹೊಳೆಯಿತು. ಓದು ಬರಹವಿಲ್ಲದ, ಕಾಗದವಿಲ್ಲದ, ಕೋರ್ಟಿಲ್ಲದ ಮಂದಿ ಹಾಡಿನ ಹಕ್ಕುಪತ್ರವನ್ನು ಹಾಡಿನ ಒಳಗೇ ಹೊಲಿದು ಇಟ್ಟಿದ್ದರು. ಹಾಡು ಯಾವ ಬಾಯಿಗೆ ಹೋದರೂ ಅದು ಜೊತೆಗೇ ಹೋಗುತ್ತದೆ. ಕಿತ್ತರೆ ಪದ ಅರ್ಧಕ್ಕೆ ನಿಂತಂತೆ ಕೇಳುತ್ತದೆ, ಮುತ್ಯಾ ಕಾಯುತ್ತಾ ಕೂತನಲ್ಲ ಹಾಗೆ.

ಇದಕ್ಕೆ ಒಂದು ಪದದ ದಾರಿಯನ್ನೇ ನೋಡಬಹುದು. ಷರೀಫರ ಗುಡಗುಡಿಯ ಪದ ಮುತ್ಯಾನಿಗೆ ಬಲು ಪ್ರೀತಿ. ನಡುರಾತ್ರಿ ದಾಟಿ, ಮೇಳದವರಿಗೆ ತೂಕಡಿಕೆ ಬಂದಾಗ ಎಬ್ಬಿಸಲು ಅದನ್ನೇ ಎತ್ತುತ್ತಿದ್ದ. ಸೇದುವ ಗುಡಗುಡಿಯನ್ನು ಮುಂದಿಟ್ಟುಕೊಂಡು ಮೈ ಮನಸ್ಸಿನ ರೋಗದ ಮಾತು ಹೇಳುವ ಪದ. ಮುದುಕರಿಗೆ ನಗು ಬರುತ್ತಿತ್ತು, ಅಷ್ಟೇ ಬೇಗ ಗಂಟಲು ಕಟ್ಟುತ್ತಿತ್ತು.

ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಗ ಒಂದು ದಿನ ಅದೇ ಪದ ಗೆಳೆಯನೊಬ್ಬನ ಫೋನಿನಿಂದ ಬಂತು. ಗಿಟಾರು, ಡ್ರಮ್ಮು, ಪಿಟೀಲು. “ಇದು ನಮ್ಮ ಮುತ್ಯಾನ ಪದ!” ಅಂದೆವು. ಆತ ನಗುತ್ತಾ “ಇದು ರಘು ದೀಕ್ಷಿತ್ ಹಾಡು” ಅಂದ. ವಾದ ಬೆಳೆದು ಊಟದ ತಾಟು ತಣ್ಣಗಾಯಿತು. ನಮ್ಮ ಮಾತೂ ಸುಳ್ಳು, ಅವನ ಮಾತೂ ಸುಳ್ಳು. ಅದು ಷರೀಫರ ಪದ.

ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಕೆಲವು ಕಾಲ ಕನ್ನಡ ಸಾಲಿ ಮಾಸ್ತರರಾಗಿದ್ದರು. ಈ ಪತ್ರಿಕೆ ಓದುವ ಮಾಸ್ತರರು ಇದನ್ನು ನೆನಪಿಡಿ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣನನ್ನು ಗುರು ಮಾಡಿಕೊಂಡು ಎರಡೂ ಧರ್ಮದ ಮಡಿವಂತರಿಂದ ಬೈಸಿಕೊಂಡರು. ಅವರ ಪದಗಳನ್ನು ನೂರು ವರ್ಷ ಉಳಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಭಜನಿ ಮೇಳಗಳು. ಆಮೇಲೆ ಸಿ. ಅಶ್ವತ್ಥ್ ಅವರ ಸಂಗೀತ ಮತ್ತು ದೊಡ್ಡ ದನಿ ಆ ಪದಗಳನ್ನು ಕ್ಯಾಸೆಟ್ಟಿನಲ್ಲಿ ಬೆಂಗಳೂರು, ಮೈಸೂರಿನ ಮನೆಗಳಿಗೆ ಮುಟ್ಟಿಸಿತು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂತು. ಶ್ರೀಧರ್ ಷರೀಫನಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು. ರಾಷ್ಟ್ರೀಯ ಭಾವೈಕ್ಯಕ್ಕೆಂದು ಕೊಡುವ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಿಕ್ಕಿತು.

ಅಲ್ಲಿಂದ ಮುಂದೆ ಪದ ಬ್ಯಾಂಡಿನ ಕೈಗೆ ಬಂತು. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಹಾಡು ಹಿಡಿದುಕೊಂಡು ವರ್ಷಗಟ್ಟಲೆ ಕಂಪನಿಗಳ ಬಾಗಿಲು ಬಡಿದರೂ ಯಾರೂ ತೆಗೆಯಲಿಲ್ಲ. ಕಡೆಗೆ ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್-ಶೇಖರ್ ತಮ್ಮದೇ ಹೊಸ ಕಂಪನಿಯಿಂದ 2008ರಲ್ಲಿ ಅವರ ಮೊದಲ ಆಲ್ಬಮ್ ‘ಅಂತರಾಗ್ನಿ’ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದ. ಒಂದು ಗುಡಗುಡಿ, ಇನ್ನೊಂದು ಸೋರುವ ಮಾಳಿಗೆ. 2010ರಲ್ಲಿ ಆ ತಂಡ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಇಂಗ್ಲೆಂಡಿನಲ್ಲಿ ಆಲ್ಬಮ್ ಏಕಾಏಕಿ ಮೇಲೆ ಹೋಯಿತು. ಮರುವರ್ಷ ಅಲ್ಲಿಯ ಸಂಗೀತ ಪತ್ರಿಕೆ ‘ಸಾಂಗ್‌ಲೈನ್ಸ್’ ಹೊಸಬರ ಪ್ರಶಸ್ತಿ ಕೊಟ್ಟಿತು.

ನಾವು ಆ ಹಾಡನ್ನು ದ್ವೇಷಿಸುವುದಿಲ್ಲ. ಬ್ಯಾಂಡಿನ ಗುಡಗುಡಿ ಕೇಳಿ ಹಾಸ್ಟೆಲಿನಲ್ಲಿ ಕುಣಿದಿದ್ದೇವೆ. ಮುತ್ಯಾನಿಗೂ ಕೇಳಿಸಿದೆವು, “ಪಿಟೀಲಿನವ ಭೇಷ್ ಅದಾನ” ಅಂದ, “ಆದ್ರ ಇಷ್ಟ್ ಲಗೂ ಹಾಡಿದ್ರ ಸೇದೂದು ಯಾವಾಗ?” ಎಂದು ಕೇಳಿದ. ಆ ಹಾಡಿನ ಜೊತೆ ಷರೀಫರ ಹೆಸರೂ ಹೋಯಿತು. ಅದು ಸಣ್ಣ ಮಾತಲ್ಲ. ಶಿಶುನಾಳದ ಬಡ ಮಾಸ್ತರನ ಹೆಸರು ಸತ್ತ 120 ವರ್ಷದ ಮೇಲೆ ಲಂಡನ್ನಿಗೆ ಹೋಯಿತು. ಹೋಗದೇ ಬಿದ್ದದ್ದು ನಡುವಿನವರ ಹೆಸರು. ಷರೀಫರಿಂದ ಗಿಟಾರಿನವರೆಗಿನ ನೂರು ವರ್ಷ ಆ ಪದವನ್ನು ಗಂಟಲಿನಲ್ಲಿಟ್ಟು ಕಾಯ್ದವರು ಯಾರು? ಕುರುಬರ ಮೇಳ, ಹೊಲೆಯರ ಮೇಳ, ಮಾದಿಗರ ಮೇಳ, ಪಿಂಜಾರರ ಮೇಳ. ಅವರಿಗೆ ಅಂಕಿತವಿಲ್ಲ. ಕಾವಲಿಗೆ ಯಾರು ಅಂಕಿತ ಹಾಕುತ್ತಾರೆ? ಇದು ಗಿಟಾರಿನವರ ತಪ್ಪೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ಸುಲಭಕ್ಕೆ ಸಿಟ್ಟು ತೀರಿಸಿಕೊಳ್ಳುವ ಚಟ ನಮ್ಮ ಕಡೆಯೂ ಇದೆ. ಸೋರುವ ಮಾಳಿಗೆಯ ಪದವನ್ನು ಪೇಟೆಯವರು ದೇಹದ ರೂಪಕವೆಂದು ಕೇಳುತ್ತಾರೆ, ನಮ್ಮಾಯಿ ಮಾತ್ರ ಕೇಳಿದ ಕೂಡಲೆ ಮೇಲೆ ನೋಡುತ್ತಾಳೆ. ಆ ಫರಕು ಯಾವ ಬ್ಯಾಂಡೂ ತೊಡೆಯಲಾರದು.

ಹಾಡು ಯಂತ್ರದೊಳಗೆ ಹೋದಾಗಲೇ ಹೆಸರಿನ ಚಿಂತೆ ಹುಟ್ಟಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಆ ಏರ್ಪಾಡು. ಅದೂ ಅಂಕಿತವೇ. ಮೂರು ನಿಮಿಷದ ತಟ್ಟೆಯಲ್ಲಿ ಹೆಸರಿಗೆ ಅವರು ಜಾಗ ಮಾಡಿಕೊಂಡರು. ಅರ್ಧ ತಾಸು ಹಾಡುವ ಪದವನ್ನು ಮೂರು ನಿಮಿಷಕ್ಕೆ ಕತ್ತರಿಸಿದರೆ ಮೊದಲು ಬೀಳುವುದು ಕೊನೆಯ ನುಡಿ, ಅಂದರೆ ಅಂಕಿತದ ನುಡಿ. ಈಗಂತೂ ಹಾಡು ಅರ್ಧ ನಿಮಿಷದ ತುಣುಕಾಗಿ ಫೋನಿನಿಂದ ಫೋನಿಗೆ ಹಾರುತ್ತದೆ. ತುಣುಕಿಗೆ ಕುಣಿತ ಇರುತ್ತದೆ, ಕೊನೆಯ ನುಡಿ ಇರುವುದಿಲ್ಲ.

ನಮ್ಮ ರೈಲು ಹಳಿಯ ಇನ್ನೊಂದು ಕಡೆಯ ಕತೆಯೂ ಇದೆ. ಯಾದಗಿರಿಯ ಮೇಲೆ ಹಾದು ಮದ್ರಾಸಿಗೆ ಹೋಗುವ ಹಳಿಯ ಮೇಲೆ ಅರಕ್ಕೋಣಂ ಎಂಬ ಊರು ಬರುತ್ತದೆ. ಅಲ್ಲಿಯ ಹುಡುಗ ಅರಿವು, ದಲಿತ ಕವಿ, ಹಾಡುಗಾರ. ಸಿನಿಮಾ ನಿರ್ದೇಶಕ ಪ. ರಂಜಿತ್ 2017ರಲ್ಲಿ ಕಟ್ಟಿಸಿದ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಬ್ಯಾಂಡಿನಲ್ಲಿ ಹಾಡಿದವನು. 2021ರ ಮಾರ್ಚ್ 7ರಂದು ಅವನೂ ಗಾಯಕಿ ಧೀಯೂ ಹಾಡಿದ, ಸಂತೋಷ್ ನಾರಾಯಣನ್ ಸಂಗೀತದ ‘ಎಂಜಾಯ್ ಎಂಜಾಮಿ’ ಎಂಬ ಒಂಟಿ ಹಾಡು ‘ಮಾಜ್ಜಾ’ ಎಂಬ ಹೊಸ ಕಂಪನಿಯಿಂದ ಬಂತು. ಸಿನಿಮಾ ಇಲ್ಲ, ನಾಯಕನಿಲ್ಲ, ಬರೀ ಹಾಡು. ಭೂಮಿ ಇಲ್ಲದೆ ಸಿಂಹಳದ ಚಹಾ ತೋಟಕ್ಕೆ ಹೋಗಿ ದುಡಿದ ಅಜ್ಜಿ ವಳ್ಳಿಯಮ್ಮಳ ಬಾಳನ್ನು ಅವನು ಅದರಲ್ಲಿ ಇಟ್ಟ. ಹೆಣದ ಮುಂದೆ ಹಾಡಿ ಅಳುವ ಒಪ್ಪಾರಿಯ ಧಾಟಿ ಅದರಲ್ಲಿದೆ. ತಮಿಳು ಬಾರದ ನಮ್ಮ ಹುಡುಗರು ಶಹಾಪುರದಲ್ಲಿ ಗಣೇಶನ ಮುಂದೆ ಅದಕ್ಕೆ ಕುಣಿದರು. ಕೆಲವೇ ತಿಂಗಳಲ್ಲಿ ಕೋಟಿಗಟ್ಟಲೆ ಮಂದಿ ಕೇಳಿದರು.

ಕೇಳಿದ ಮೇಲೆ ಏನಾಯಿತು ನೋಡಿ. ಅದೇ ವರ್ಷ ಡಿ.ಜೆ. ಸ್ನೇಕ್ ಎಂಬ ಫ್ರಾನ್ಸಿನವನು ಅದನ್ನು ಮರುಕಲಸಿದ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಫಲಕದ ಮೇಲೆ ಹಾಡಿನ ಚಿತ್ರ ಏರಿತು, ಅರಿವು ಅದರಲ್ಲಿರಲಿಲ್ಲ. 2021ರ ಆಗಸ್ಟಿನ ‘ರೋಲಿಂಗ್ ಸ್ಟೋನ್ ಇಂಡಿಯಾ’ ಮುಖಪುಟಕ್ಕೆ ಹಾಡಿನ ಹೆಸರು ಬಂತು, ಅರಿವು ಮತ್ತೆ ಇಲ್ಲ. ರಂಜಿತ್ ಎದ್ದು ಕೇಳಿದ ಮೇಲೆ, ಗದ್ದಲವಾದ ಮೇಲೆ, ಪತ್ರಿಕೆ ಅವನಿಗೊಂದು ಬೇರೆ ಮುಖಪುಟ ಮಾಡಿತು. ಬೇರೆ ಲೋಟ ನಮಗೆ ನೆನಪಾಯಿತು. 2022ರ ಜುಲೈ 28ರಂದು ಚೆನ್ನೈಯ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅವನಿಲ್ಲದೆ ಆ ಹಾಡು ಹಾಡಲ್ಪಟ್ಟಿತು. ಬರೆದದ್ದು, ಹಾಡಿದ್ದು, ಕಟ್ಟಿದ್ದು ತಾನೆಂದು ಅರಿವು ಹೇಳಿಕೊಂಡ. ನಾವು ಅವನ ಹೆಸರನ್ನು ಎಂದೂ ಬಿಟ್ಟಿಲ್ಲ ಎಂದು ಧೀ ಮತ್ತು ಸಂತೋಷ್ ಉತ್ತರ ಕೊಟ್ಟರು. ನಮ್ಮ ಮನಸ್ಸು ಯಾರ ಕಡೆ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ. ಆದರೂ 2024ರ ಮಾರ್ಚಿನಲ್ಲಿ ಆ ಸಂತೋಷ್ ನಾರಾಯಣನ್ನರೇ ಹೊರಬಂದು, ಈ ಹಾಡಿನಿಂದ ನಮ್ಮಲ್ಲಿ ಯಾರಿಗೂ ಒಂದು ಪೈಸೆ ಬಂದಿಲ್ಲ ಎಂದರು. ಕಂಪನಿ ತನ್ನ ಲೆಕ್ಕ ತಾನು ಹೇಳಿತು. ಅಂದರೆ ಜಗಳವಾಡಿದ ಇಬ್ಬರೂ ಹಾಡು ಕಟ್ಟಿದವರು, ಹಣದ ಪ್ರಶ್ನೆ ಇದ್ದದ್ದು ಮೂರನೆಯ ಕಡೆ. ಹೊಲದ ಬದುವಿಗೆ ಅಣ್ಣ ತಮ್ಮಂದಿರು ಬಡಿದಾಡುತ್ತಾರೆ, ಪಹಣಿ ಸಾಹುಕಾರನ ಪೆಟ್ಟಿಗೆಯಲ್ಲಿರುತ್ತದೆ.

ಒಂದು ಮಾತ್ರ ಯಾರಿಂದಲೂ ಆಗಲಿಲ್ಲ. ಮುಖಪುಟದಿಂದ ಅರಿವು ಬಿದ್ದಿರಬಹುದು, ಹಾಡಿನೊಳಗಿನ ವಳ್ಳಿಯಮ್ಮಳ ಹೆಸರು ಬೀಳಲಿಲ್ಲ. ಅರಿತೋ ಅರಿಯದೆಯೋ ಆ ಹುಡುಗ ಅಂಕಿತ ಹಾಕಿದ್ದ. ಅಜ್ಜಿಯ ಅಂಕಿತ.

ಇನ್ನು ನಮ್ಮ ಹಾಡಿನ ಪಾಡು. ಕಂಪನಿಯವರು ಹೆಸರು ಹಾಕದ್ದನ್ನು ಕಂಡು, ಅದೇ ಮುದ್ರಣವನ್ನು ನಮ್ಮ ಹೆಸರುಗಳ ಸಮೇತ ನಾವೇ ಒಂದು ಚಾನೆಲ್ ತೆರೆದು ಏರಿಸಿದೆವು. ಸ್ವಲ್ಪ ಹೊತ್ತಿನಲ್ಲೇ ನೋಟೀಸು ಬಂತು: ಇದು ಬೇರೆಯವರ ಸ್ವತ್ತು. ಯಾರೋ ಕೂತು ಕೇಳಿ ಕೊಟ್ಟ ತೀರ್ಪಲ್ಲ. ಯಂತ್ರ ಹಾಡಿನ ಬೆರಳಚ್ಚು ತೆಗೆದು ಇಟ್ಟುಕೊಂಡಿರುತ್ತದೆ, ಮೊದಲು ಯಾರು ದಾಖಲು ಮಾಡುತ್ತಾರೋ ಹಾಡು ಅವರದು. ನಮ್ಮ ದನಿಗೆ ನಾವೇ ಕಳ್ಳರಾದೆವು. ಫೋನು ಮಾಡಿದರೆ ಆ ಕಡೆಯವ ನಮ್ಮ ಭಾಷೆಯಲ್ಲೇ ಮಾತಾಡಿದ.

“ಜಾನಪದಕ್ಕ ಯಾರ್ ಮಾಲಕರು ಇರ್ತಾರ್ರೀ?”

“ಜಾನಪದ ಅಲ್ರೀ, ನಾವು ಬರದದ್ದು.”

“ಧಾಟಿ ಹಳೇದು ಐತಲ್ರೀ ಮತ್ತ? ನೀವೇ ಹುಟ್ಟಸೀರೇನು ಧಾಟಿ?”

ಈ ಮಾತಿಗೆ ಆಗ ನಮ್ಮ ಬಾಯಿ ಕಟ್ಟಿತು. ಸಿಟ್ಟಿನಿಂದ ಎಂದುಕೊಂಡೆವು. ಸಿಟ್ಟಿನಿಂದ ಅಲ್ಲ.

ಕಾನೂನು ಓದುವ ಗೆಳೆಯನೊಬ್ಬ ಕೂಡಿಸಿಕೊಂಡು ತಿಳಿಸಿದ. ಇದನ್ನು ಓದುವ ಹಾಡುಗಾರ ಗೆಳೆಯರಿಗೂ ಬೇಕಾದೀತೆಂದು ಬರೆಯುತ್ತೇವೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಒಂದು ಹಾಡಿನಲ್ಲಿ ಮೂರು ಆಸ್ತಿ ಕಾಣುತ್ತದೆ. ಮಾತು ಬರೆದವನದು, ಧಾಟಿ ಕಟ್ಟಿದವನದು, ಮುದ್ರಣ ದುಡ್ಡು ಹಾಕಿದವನದು. ಮಾತಿನ ಹಕ್ಕು ಬರೆದವನು ಸತ್ತ ಮೇಲೆ 60 ವರ್ಷ ಇರುತ್ತದೆ. ಹಾಗಾಗಿ ಷರೀಫರ ಪದ ಈಗ ಎಲ್ಲರದು, ಮುತ್ಯಾನ ಮೇಳವೂ ಹಾಡಬಹುದು, ಬ್ಯಾಂಡೂ ಹಾಡಬಹುದು. ಆದರೆ ಬ್ಯಾಂಡಿನ ಮುದ್ರಣ ಎಲ್ಲರದಲ್ಲ. ನಮ್ಮ ಮುದ್ರಣಕ್ಕೆ ದುಡ್ಡು ಹಾಕಿದ್ದು ನಾವೇ ಆದರೂ ಸಹಿ ಹಾಕಿ ಅದನ್ನು ಬರೆದುಕೊಟ್ಟಿದ್ದೆವು. 2012ರ ತಿದ್ದುಪಡಿ ಒಂದು ಒಳ್ಳೆಯದು ಮಾಡಿದೆ: ಹಾಡು ಮಾರಿಕೊಂಡರೂ ಬರೆದವರ ಮತ್ತು ಧಾಟಿ ಕಟ್ಟಿದವರ ರಾಯಧನದ ಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ. ಆ ಕಾಗದದಲ್ಲಿ ಏನೇ ಇರಲಿ, ಪಾಲು ಕೇಳಬಹುದು. ಕೇಳುತ್ತಿದ್ದೇವೆ. ಉತ್ತರ ಬಂದಿಲ್ಲ.

ಗೆಳೆಯ ಹೇಳಿದ ಇನ್ನೊಂದು ಮಾತು ರಾತ್ರಿ ನಿದ್ದೆ ಕೆಡಿಸಿತು. 1994ರ ತಿದ್ದುಪಡಿ ಬರುವ ತನಕ ಈ ಕಾಯ್ದೆಯ ಕಣ್ಣಿನಲ್ಲಿ ಸಂಗೀತವೆಂದರೆ ಬರೆದಿಟ್ಟ ಸಂಗೀತ, ಅಕ್ಷರಕ್ಕೋ ಸ್ವರಲಿಪಿಗೋ ಇಳಿದದ್ದು ಮಾತ್ರ. ಬಾಯಲ್ಲಿ ಹುಟ್ಟಿ ಬಾಯಲ್ಲೇ ಇದ್ದ ಧಾಟಿ ಸಂಗೀತದ ಲೆಕ್ಕಕ್ಕೇ ಇರಲಿಲ್ಲ. ಸಾವಿರಾರು ವರ್ಷ ಅಕ್ಷರ ಕೊಡಲಿಲ್ಲ, ಆಮೇಲೆ ಅಕ್ಷರದಲ್ಲಿಲ್ಲದ್ದು ನಿಮ್ಮದಲ್ಲ ಎಂದರು. ಮನು ಬರೆದ ಕಾಯ್ದೆಯಲ್ಲ ಇದು, ಸ್ವತಂತ್ರ ಭಾರತ ಬರೆದದ್ದು.

ಹಾಗಾದರೆ ಹೆಸರಿಲ್ಲದ ಹಾಡೆಲ್ಲ ಕಳವಿನ ಹಾಡೇ? ಅಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ, ಮೆರವಣಿಗೆಗಳಲ್ಲಿ ಕೇಳಿ ಕಲಿತವರು ಎಷ್ಟೋ ಮಂದಿ ಪುಸ್ತಕವನ್ನು ಕಂಡವರಲ್ಲ, ಕವಿಯ ಹೆಸರನ್ನೂ ಕೇಳಿದವರಲ್ಲ. ನಮ್ಮಪ್ಪ ಹಾಗೆ ಕಲಿತವನು. ಯಾರು ಬರೆದದ್ದೋ ಗೊತ್ತಿಲ್ಲ, ನಮಗಾಗೇ ಬರೆದದ್ದು ಎನ್ನುತ್ತಿದ್ದ. ಅಲ್ಲಿ ಹಾಡಿನಿಂದ ಹೆಸರು ಕಳಚಿದ್ದು ಜನ ಹಾಡನ್ನು ತಮ್ಮದು ಮಾಡಿಕೊಂಡದ್ದರಿಂದ. 2021ರಲ್ಲಿ ಸಿದ್ಧಲಿಂಗಯ್ಯನವರು ಕೊರೋನಾಕ್ಕೆ ತುತ್ತಾದಾಗ ನಮ್ಮಪ್ಪನಿಗೆ ಆ ಹಾಡುಗಳ ಕವಿ ಇವರೇ ಎಂದು ಪತ್ರಿಕೆ ತೋರಿಸಿದೆವು. ಅಂದು ಉಣ್ಣಲಿಲ್ಲ. ಜನ ಮರೆತ ಹೆಸರು ಹೀಗೆ ತಿರುಗಿ ಬರುತ್ತದೆ. ಕಂಪನಿ ಒರೆಸಿದ ಹೆಸರು ಬರುವುದಿಲ್ಲ, ಆ ಜಾಗದಲ್ಲಿ ಆಗಲೇ ಇನ್ನೊಂದು ಹೆಸರು ಕೂತಿರುತ್ತದೆ.

ಇಷ್ಟೆಲ್ಲ ನ್ಯಾಯ ಮಾತಾಡಿದ ಮೇಲೆ ಆ ಪ್ರಶ್ನೆ ಹಾಗೇ ಉಳಿದಿತ್ತು. ಧಾಟಿ ನೀವೇ ಹುಟ್ಟಸೀರೇನು?

ಇಲ್ಲ. ಧಾಟಿ ಆಯಿಯದು.

ಭೀಮರಾಯನಗುಡಿಯ ಕಡೆ ಕಾಲುವೆ ನೀರು ಬಂದು ನೆಲ್ಲು ಬೆಳೆಯುವವರ ಗದ್ದೆಗಳಾದ ಮೇಲೆ ಆಯಿ ನಾಟಿಗೆ ಹೋಗುತ್ತಿದ್ದಳು. ಅದಕ್ಕೂ ಮುಂಚೆ ಜೋಳ, ತೊಗರಿಯ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಸಾಲು ಹಿಡಿದು ಬಾಗಿದ ಹೆಂಗಸರಲ್ಲಿ ಒಬ್ಬಳು ಎತ್ತುವುದು, ಉಳಿದವರು ಹಿಡಿಯುವುದು. ಸಣ್ಣವರಿದ್ದಾಗ ನಾವು ಬದುವಿನ ಮೇಲೆ ಜೋಳಿಗೆಯಲ್ಲಿ ಮಲಗಿ ಕೇಳಿದ ಧಾಟಿ. ಹಾಡು ಬರೆಯುವಾಗ ಅದು ತಾನಾಗಿ ಬಂತು, ನಮ್ಮದೇ ಎಂದುಕೊಂಡೆವು. ಕಂಪನಿಗೆ ಕೊಟ್ಟ ಕಾಗದದಲ್ಲಿ ‘ಸಂಗೀತ’ ಎಂಬ ಜಾಗದಲ್ಲಿ ನಾವು ನಮ್ಮ ಹೆಸರು ಬರೆದಿದ್ದೆವು. ಕಂಪನಿ ನಮಗೆ ಮಾಡಿದ್ದನ್ನು ನಾವು ಆಗಲೇ ಆಯಿಗೆ ಮಾಡಿ ಮುಗಿಸಿದ್ದೆವು. ಬಿಡುಗಡೆ ಪತ್ರದಲ್ಲಿ ಆಯಿಯ ಹೆಸರಿಲ್ಲವೆಂಬುದು ಕಣ್ಣಿಗೆ ಬಿದ್ದದ್ದು ಅಂದು ರಾತ್ರಿ, ಟ್ರಂಕು ತೆಗೆದು ನೋಡಿದಾಗ.

ತತ್ವಪದಕಾರರಿಗೆ ಅಂಕಿತವಿತ್ತು. ಅವರ ಪದಗಳನ್ನು ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ಸಂಪುಟಗಳಾಗಿ ತಂದಿದೆ, ಒಳ್ಳೆಯ ಕೆಲಸ. ಕಸ ತೆಗೆಯುವ, ಬೀಸುವ, ಕುಟ್ಟುವ ಹೆಂಗಸರ ಪದಗಳಿಗೆ ಅಂಕಿತ ಎಲ್ಲಿದೆ? ಅವನ್ನು ಪುಸ್ತಕ ಮಾಡಿದವರು ಮುಖಪುಟದಲ್ಲಿ ಸಂಗ್ರಾಹಕರ ಹೆಸರು ದಪ್ಪ ಅಕ್ಷರದಲ್ಲಿ ಹಾಕಿಕೊಂಡರು. ಒಳಗೆ ‘ಹೇಳಿದವರು: ಒಬ್ಬ ಮುದುಕಿ’. ವಿಶ್ವವಿದ್ಯಾಲಯಗಳ ಜಾನಪದ ಪಂಡಿತರನ್ನು ಬೈಯುವ ಹಕ್ಕೂ ನಮಗೆ ಆ ರಾತ್ರಿ ಅರ್ಧ ಹೋಯಿತು.

ಮರುದಿನ ಫೋನು ಹಿಡಿದು ಆಯಿಯ ಮುಂದೆ ಕೂತೆವು. ತೊಗರಿ ಹಸನು ಮಾಡುತ್ತಿದ್ದಳು. ತಪ್ಪಾಗಿದೆ, ಧಾಟಿ ನಿಂದು, ನಿನ್ನ ಹೆಸರು ಹಾಕಬೇಕು ಎಂದೆವು. ಮೊರ ನಿಲ್ಲಿಸಲಿಲ್ಲ.

“ನಂದಲ್ಲೋ. ನಾ ನಡ್ಯಾಕ ಬಂದ ವರ್ಸ ನಮ್ಮ ನೆಗೆಣ್ಣಿ ಹಾಡ್ತಿದ್ಲು. ಆಕಿ ಗುರುಮಠಕಲ್ ಕಡೆಯಾಕಿ. ಅಲ್ಲಿಂದ ತಂದಿದ್ಲು.”

“ಆಕೆಗೆ ಯಾರು ಕಲಿಸಿದ್ರು?”

“ಆಕಿ ಅವ್ವ ಇರಬೇಕು. ಆದ್ರ ಎರಡನೇ ನುಡಿ ಹಿಂಗ ಎಳಿಯೂದು ಇಲ್ಯಲ್ಲ,” ಎಂದು ಒಂದು ಎಳೆ ಹಾಡಿ ತೋರಿಸಿದಳು, “ಅದು ನಮ್ಮ ಕೆಳಗಿನ ಓಣಿಯಾಕಿ ಮಾಡಿದ್ದು. ಕೂಸು ಸತ್ತ ವರ್ಸ ಆಕಿ ಹಾಂಗ ಎಳ್ಯಾಕ ಹತ್ತಿದ್ಲು. ನಾವೂ ಹಾಂಗೇ ಎಳದ್ವಿ.”

ನಮ್ಮ ಹಾಡಿನಲ್ಲಿ ಎಲ್ಲರೂ ಮೆಚ್ಚಿದ ಜಾಗ ಅದು. ಸ್ಟುಡಿಯೋದವನು ಅಲ್ಲಿ ನಿಲ್ಲಿಸಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ್ದ. ಸುಮ್ಮನೆ ಬಂತು ಎಂದಿದ್ದೆವು. ಸತ್ತ ಕೂಸಿನ ತಾಯಿಯ ದನಿ ನಮಗೆ ಸುಮ್ಮನೆ ಬಂದಿತ್ತು.

ನೋಟುಬುಕ್ಕು ತಂದೆವು. ಆಯಿ ಒಂದೊಂದೇ ಹೆಸರು ಹೇಳಿದಳು. ಎತ್ತುವವರು, ಹಿಡಿಯುವವರು, ಮಾತು ಜೋಡಿಸುವವರು, ಬೈಗುಳವನ್ನು ಹಾಡಿನೊಳಗೆ ಸೇರಿಸಿ ಗೌಡನ ಮುಂದೆಯೇ ಹಾಡಿ ದಕ್ಕಿಸಿಕೊಂಡ ಒಬ್ಬಾಕೆ. ಹನ್ನೊಂದು ಹೆಸರಾದವು. ಏಳು ಮಂದಿ ಈಗಿಲ್ಲ. ಇಬ್ಬರು ಪುಣೆಯಲ್ಲಿ ಮಕ್ಕಳ ಹತ್ತಿರ ಇದ್ದಾರೆ, ಒಬ್ಬಾಕೆಯ ಗುರುತೇ ಇಲ್ಲ. ಆ ಹೆಸರುಗಳನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ, ಅವರ ಮನೆಯವರನ್ನು ಕೇಳಬೇಕು. ಹಾಡನ್ನು ಮತ್ತೊಮ್ಮೆ ಹಾಡುತ್ತಿದ್ದೇವೆ, ಈ ಸಲ ಸ್ಟುಡಿಯೋ ಇಲ್ಲ, ಆಯಿಯ ಅಂಗಳದಲ್ಲಿ, ಫೋನಿಗೇ. ಹೊಸ ಮುದ್ರಣಕ್ಕೆ ಹೊಸ ಬೆರಳಚ್ಚು. ಕೊನೆಗೆ ಒಂದು ನುಡಿ ಹೆಚ್ಚಿಗೆ ಕಟ್ಟಿದ್ದೇವೆ, ಅದರಲ್ಲಿ ಆ ಹೆಸರುಗಳಿವೆ. ಮುತ್ಯಾ ಕೇಳಿ, ತಾಳಕ್ಕೆ ಎರಡು ಹೆಸರು ಕೂಡುವುದಿಲ್ಲ, ಸ್ವಲ್ಪ ಎಳೆಯಿರಿ ಎಂದ. ತುಣುಕು ಮಾಡುವವರು ಕೊನೆಯದನ್ನು ಬಿಡುತ್ತಾರೆಂದು ಹೇಳಿದ್ದಕ್ಕೆ “ಹಂಗಾದ್ರ ನಡುವಿಗೇ ಹಾಕ್ರಿ” ಎಂದ. ನಡುವಿಗೇ ಹಾಕಿದೆವು.

ಹನ್ನೆರಡನೆಯ ಹೆಸರು ಆಯಿಯದು. ಬೇಡವೆಂದು ಬಹಳ ಹೊತ್ತು ಕಾಡಿದಳು. ಆಮೇಲೆ ಒಪ್ಪಿದಳು. ಆಕೆಯ ಹೆಸರು ಆಧಾರ್ ಕಾರ್ಡಿನಲ್ಲಿ ಒಂದು ಥರ ಇದೆ, ಕೂಲಿಯ ಜಾಬ್ ಕಾರ್ಡಿನಲ್ಲಿ ಇನ್ನೊಂದು ಥರ. ಯಾವುದರಂತೆ ಬರೆಯೋಣ ಎಂದು ಕೇಳಿದೆವು.

“ಕೇರ್ಯಾಗ ಕರ್ದಂಗ ಬರೀರಿ,” ಅಂದಳು.